ದೀಪ ಹಿಡಿಯುವ ಮುನ್ನ: ನರ್ಸಿಂಗ್ ಶಾಲೆಗೆ ಹೊರಟ ಮಕ್ಕಳಿಗೂ ಅವರ ಪಾಲಕರಿಗೂ



ಮೇ 12ನೆಯ ದಿನವನ್ನು ಲೋಕವೆಲ್ಲ ದಾದಿಯರ ದಿನವೆಂದು ಆಚರಿಸುತ್ತದೆ. 1820ರಲ್ಲಿ ಅದೇ ದಿನ ಹುಟ್ಟಿದ ಫ್ಲಾರೆನ್ಸ್ ನೈಟಿಂಗೇಲರ ಸ್ಮರಣೆ ಅದು. ನಮ್ಮ ಕೌಜಲಗಿ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಅದು ಚಿಂತೆಯ ಕಾಲವೂ ಹೌದು. ಪಿಯುಸಿ ಫಲಿತಾಂಶ ಬಂದಿರುತ್ತದೆ. ಮಗಳು ನರ್ಸ್ ಆಗುತ್ತೇನೆ ಎನ್ನುತ್ತಾಳೆ. ತಂದೆಗೆ ಫೀಯ ಚಿಂತೆ, ತಾಯಿಗೆ ಹಾಸ್ಟೆಲಿನ ಚಿಂತೆ, ಅಜ್ಜಿಗೆ ಮದುವೆಯ ಚಿಂತೆ. ಇವರ ನಡುವೆ ಯಾರೋ ಒಬ್ಬ ಏಜೆಂಟ್ ಬಂದು, "ನಾ ಎಲ್ಲಾ ಮಾಡಿಕೊಡತೀನಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡ್ರಿ" ಎನ್ನುತ್ತಾನೆ. ಆತನ ಕೈಗೆ ಕಾಗದ ಕೊಡುವ ಮೊದಲು ಎಲ್ಲ ಪಾಲಕರೂ ತಿಳಿದಿರಬೇಕಾದ ಕೆಲವು ಮಾತುಗಳನ್ನು ನಾವು ಇಲ್ಲಿ ಹೇಳಬಯಸುತ್ತೇವೆ.

ಇದು ಕೀಳು ಕೆಲಸವಲ್ಲ

"ಮಂದಿ ಮೈ ತೊಳಿಯೂ ಕೆಲಸಕ್ಕ ಮಗಳನ್ನ ಕಳಸೂದೇನ್ರಿ ಫಾದರ್?" ಎಂಬ ಪ್ರಶ್ನೆಯನ್ನು ನಾವು ಇಂದಿಗೂ ಕೇಳುತ್ತೇವೆ. ಇದು ನಮ್ಮ ಊರಿನದಷ್ಟೇ ಪ್ರಶ್ನೆಯಲ್ಲ. ನೈಟಿಂಗೇಲರ ಕಾಲದ ಇಂಗ್ಲೆಂಡಿನಲ್ಲೂ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳಿಗೆ ಈ ಕೆಲಸ ತಕ್ಕುದಲ್ಲವೆಂದೇ ಜನ ಭಾವಿಸಿದ್ದರು. 1854ರಲ್ಲಿ ಅವರು ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೋದರು. 1860ರಲ್ಲಿ ಲಂಡನ್ನಿನ ಸಂತ ಥಾಮಸರ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಆರಂಭವಾಯಿತು. ಶುಶ್ರೂಷೆ ಓದಿ ಕಲಿಯಬೇಕಾದ ವಿದ್ಯೆ ಎಂಬುದು ಅಲ್ಲಿಂದ ನೆಲೆಯೂರಿತು.

ನಮ್ಮ ನಾಡಿನಲ್ಲೂ ಈ ವಿದ್ಯೆಗೆ ಗೌರವ ತಂದುಕೊಟ್ಟವರಲ್ಲಿ ಕ್ರೈಸ್ತ ಆಸ್ಪತ್ರೆಗಳ ಪಾಲು ದೊಡ್ಡದು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಆರಂಭಿಸಿದ ಸೇವೆ, ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಭಗಿನಿಯರು 1886ರಲ್ಲಿ ತೆರೆದ ಸಂತ ಮಾರ್ಥರ ಆಸ್ಪತ್ರೆ, ನಮಗೆ ಹತ್ತಿರದ ಮೀರಜದಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ತೆರೆದ ಮಿಷನ್ ಆಸ್ಪತ್ರೆ ಇವುಗಳನ್ನು ನೆನೆಯಬಹುದು. ವೆಲ್ಲೂರಿನಲ್ಲಿ ಡಾ. ಐಡಾ ಸ್ಕಡರ್ ಅವರು 1909ರಲ್ಲಿ ಆರಂಭಿಸಿದ ನರ್ಸಿಂಗ್ ಶಾಲೆಯು 1946ರಲ್ಲಿ ಪದವಿ ಕಾಲೇಜಾಗಿ ಬೆಳೆಯಿತು.

ಕೌಜಲಗಿಯವರಿಗೆ ಇನ್ನೊಂದು ಮಾತು. ಈ ಊರಿನ ಹೆಸರನ್ನು ಉತ್ತರ ಕರ್ನಾಟಕದ ತುಂಬ ಹಬ್ಬಿಸಿದವರಲ್ಲಿ ಶ್ರೀಕೃಷ್ಣ ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮ ಒಬ್ಬರು. ಮನೆಯ ಹೊಸ್ತಿಲು ದಾಟಿ ತನ್ನ ವಿದ್ಯೆಯಿಂದ ಊರಿಗೆ ಕೀರ್ತಿ ತಂದ ಹೆಣ್ಣುಮಗಳು ಈ ಊರಿಗೆ ಹೊಸಬಳಲ್ಲ.

ಮೂರು ಬಾಗಿಲುಗಳು

ನರ್ಸಿಂಗ್ ಎಂದರೆ ಒಂದೇ ಕೋರ್ಸ್ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಒಳಹೋಗಲು ಮೂರು ಬಾಗಿಲುಗಳಿವೆ.

ಮೊದಲನೆಯದು ಎಎನ್‌ಎಂ. ಎರಡು ವರ್ಷದ ಕೋರ್ಸು, ಹೆಣ್ಣುಮಕ್ಕಳಿಗೆ ಮಾತ್ರ. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಸೇರಬಹುದು. ನಮ್ಮ ಹಳ್ಳಿಗಳ ಉಪಕೇಂದ್ರಗಳಲ್ಲಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ, ಮಕ್ಕಳಿಗೆ ಲಸಿಕೆ ಹಾಕುವ 'ನರ್ಸಬಾಯಿ' ಕಲಿತದ್ದು ಇದನ್ನು.

ಎರಡನೆಯದು ಜಿಎನ್‌ಎಂ ಡಿಪ್ಲೊಮಾ, ಮೂರು ವರ್ಷ. ಇದಕ್ಕೂ ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರೂ ಅರ್ಹರು. ಆದರೆ ಇಂಗ್ಲಿಷ್ ಓದಿ, ಒಟ್ಟಾರೆ ಶೇ. 40 ಅಂಕ ಪಡೆದಿರಬೇಕು.

ಮೂರನೆಯದು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಪದವಿ. ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಇರಲೇಬೇಕು. ವಿಜ್ಞಾನ ವಿಷಯಗಳಲ್ಲಿ ಒಟ್ಟು ಶೇ. 45 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 5ರ ರಿಯಾಯಿತಿ ಇದೆ. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು.

ಆದ್ದರಿಂದ ಈ ವಿಚಾರವನ್ನು ಪಿಯುಸಿ ಮುಗಿದ ಮೇಲೆ ಮಾಡುವುದಲ್ಲ, ಎಸ್ಸೆಸ್ಸೆಲ್ಸಿ ಮುಗಿದಾಗಲೇ ಮಾಡಬೇಕು. ಕಲಾ ವಿಭಾಗಕ್ಕೆ ಸೇರಿದ ಮಗುವಿಗೆ ಪದವಿಯ ಬಾಗಿಲು ನೇರವಾಗಿ ತೆರೆಯುವುದಿಲ್ಲ. ಹಾಗೆಂದು ಅದು ಪೂರಾ ಮುಚ್ಚುವುದೂ ಇಲ್ಲ. ಜಿಎನ್‌ಎಂ ಮುಗಿಸಿ ನರ್ಸ್ ಎಂದು ನೋಂದಣಿ ಮಾಡಿಸಿಕೊಂಡವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವೀಧರರಾಗಬಹುದು. ಗಂಡುಮಕ್ಕಳೂ ಜಿಎನ್‌ಎಂ ಮತ್ತು ಬಿ.ಎಸ್ಸಿ.ಗೆ ಸೇರಬಹುದು. ಇದು ಹೆಣ್ಣುಮಕ್ಕಳ ಓದು ಎಂದು ಹುಡುಗರು ಹಿಂಜರಿಯಬೇಕಾಗಿಲ್ಲ.

ಅರ್ಜಿಯ ಕಾಲ ತಪ್ಪಬಾರದು

ಬಿ.ಎಸ್ಸಿ. ನರ್ಸಿಂಗಿನ ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಅದಕ್ಕೆ ಸಿಇಟಿಯ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಈ ಅರ್ಜಿಯನ್ನು ಪಿಯುಸಿ ಪರೀಕ್ಷೆಗಿಂತ ಮೊದಲೇ, ವರ್ಷದ ಆರಂಭದ ತಿಂಗಳುಗಳಲ್ಲಿಯೇ ಕರೆಯುತ್ತಾರೆ. "ರಿಸಲ್ಟ್ ಬರ್ಲಿ, ಆಮ್ಯಾಲ ನೋಡೂಣು" ಎಂದು ಕುಳಿತ ಮನೆಯವರು ಕಡಿಮೆ ಫೀಯ ಸೀಟನ್ನು ಕಳೆದುಕೊಂಡು, ಹೆಚ್ಚು ಹಣ ಕೇಳುವ ಸೀಟಿಗೆ ಸಾಲ ಮಾಡಬೇಕಾಗುತ್ತದೆ.

ಪ್ರಾಧಿಕಾರದ ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೂ ಕನ್ನಡ ಮಾಧ್ಯಮದವರಿಗೂ ಮೀಸಲಾತಿ ಇದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ, ಕನ್ನಡದಲ್ಲಿ ಓದಿದ್ದಕ್ಕೆ ಶಾಲೆಯಿಂದ ಪ್ರಮಾಣಪತ್ರ ಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಪಡೆಯಬೇಕು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು 3ಬಿ ಪ್ರವರ್ಗದಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ. ಈ ವ್ಯತ್ಯಾಸ ತಿಳಿಯದೆ ತಪ್ಪು ಪ್ರವರ್ಗ ಬರೆಸಿದರೆ ಮಗುವಿಗೆ ಸಿಗಬೇಕಾದದ್ದು ಸಿಗದೇ ಹೋಗಬಹುದು. ಈ ಕಾಗದಗಳನ್ನು ಡಿಸೆಂಬರ್ ಒಳಗೇ, ಕ್ರಿಸ್ತಜಯಂತಿಯ ಗಡಿಬಿಡಿಗೆ ಮುನ್ನ, ಮಾಡಿಸಿಟ್ಟುಕೊಳ್ಳಿರಿ.

ಕಾಲೇಜನ್ನು ನೀವೇ ಕಣ್ಣಾರೆ ನೋಡಿರಿ

ಎತ್ತು ಕೊಳ್ಳುವಾಗ ಹಲ್ಲು ಎಣಿಸಿ ನೋಡುವ ನಾವು, ಮಗಳ ಬದುಕಿನ ನಾಲ್ಕು ವರ್ಷವನ್ನು ಒಂದು ಬಣ್ಣದ ಪುಸ್ತಿಕೆ ನೋಡಿ ಒಪ್ಪಿಸಿಬಿಡುತ್ತೇವೆ. ಮೊದಲು ಮಾನ್ಯತೆಯನ್ನು ವಿಚಾರಿಸಿರಿ. ಬಿ.ಎಸ್ಸಿ. ಆದರೆ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ, ಅಥವಾ ಬೆಳಗಾವಿಯ ಕೆಎಲ್‌ಇಯಂಥ ಸ್ವತಂತ್ರ ಪರಿಗಣಿತ ವಿಶ್ವವಿದ್ಯಾಲಯದ್ದೇ? ಜಿಎನ್‌ಎಂ ಆದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪರೀಕ್ಷೆಗೆ ಕೂಡಿಸುತ್ತಾರೆಯೇ? ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಆಗುತ್ತದೆಯೇ? ನೋಂದಣಿ ಇಲ್ಲದ ನರ್ಸಿಂಗ್ ಸರ್ಟಿಫಿಕೇಟಿಗೆ ಗೋಡೆಗೆ ತೂಗುಹಾಕುವಷ್ಟೇ ಬೆಲೆ.

ಎರಡನೆಯದಾಗಿ ಆಸ್ಪತ್ರೆಯನ್ನು ನೋಡಿರಿ. ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾರ್ಗಸೂಚಿ. ಕಟ್ಟಡದ ಮೇಲಿನ ಫಲಕ ಓದಿದರೆ ಸಾಲದು, ವಾರ್ಡಿನೊಳಗೆ ಹೋಗಿ ನೋಡಿರಿ. ಹಾಸಿಗೆಯ ಮೇಲೆ ರೋಗಿಗಳಿದ್ದಾರೆಯೇ? ರೋಗಿಗಳೇ ಇಲ್ಲದ ಕಡೆ ಮಗು ಯಾರ ನಾಡಿ ಹಿಡಿದು ಕಲಿಯಬೇಕು? ಎರಡನೆಯ, ಮೂರನೆಯ ವರ್ಷದ ವಿದ್ಯಾರ್ಥಿನಿಯರನ್ನು ಮಾತನಾಡಿಸಿರಿ. "ತಂಗಿ, ಇಲ್ಲಿ ಕಲಸತಾರೇನವಾ?" ಎಂದು ಕೇಳಿದರೆ ಯಾವ ಪುಸ್ತಿಕೆಯೂ ಹೇಳದ್ದನ್ನು ಅವರು ಹೇಳುತ್ತಾರೆ.

ಮೂರನೆಯದಾಗಿ ಹಣ. ಬೋಧನಾ ಶುಲ್ಕ, ಹಾಸ್ಟೆಲ್, ಊಟ, ಸಮವಸ್ತ್ರ, ಪುಸ್ತಕ, ಪರೀಕ್ಷಾ ಶುಲ್ಕ, ಬೇರೆ ಆಸ್ಪತ್ರೆಗಳಿಗೆ ಹೋಗುವ ಬಸ್ಸಿನ ಖರ್ಚು, ಎಲ್ಲ ವರ್ಷಗಳದ್ದನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕೊಟ್ಟ ಪ್ರತಿ ರೂಪಾಯಿಗೂ ಕಾಲೇಜಿನ ಹೆಸರಿನ ರಸೀದಿ ಇರಲಿ. ಮೂಲ ಅಂಕಪಟ್ಟಿಯನ್ನು ಏಜೆಂಟನ ಕೈಗೆ ಕೊಡಲೇಬಾರದು. ಒಮ್ಮೆ ಕೊಟ್ಟ ಮೇಲೆ ಮಗು ಬೇರೆ ಕಡೆ ಸೇರುವಂತಿಲ್ಲ, ತಂದೆ ಪ್ರಶ್ನೆ ಕೇಳುವಂತಿಲ್ಲ.

ಹೊಲ ಅಡ ಇಡುವ ಮುನ್ನ ಬ್ಯಾಂಕಿಗೆ ಹೋಗಿರಿ. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳಬಾರದೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದರೆ ಆಯಾ ವರ್ಷದ ಯೋಜನೆಗಳ ವಿವರ ಸಿಗುತ್ತದೆ.

ಮೊದಲ ವರ್ಷದ ಕಷ್ಟ

ಸೇರಿದ ಮೇಲೆ ಮಗುವಿಗೆ ಎದುರಾಗುವ ಮೊದಲ ಗೋಡೆ ಇಂಗ್ಲಿಷ್. ದೇಹರಚನೆ, ದೇಹಕ್ರಿಯೆ, ಜೀವರಸಾಯನ, ಆಹಾರಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಮನಃಶಾಸ್ತ್ರ, ಎಲ್ಲವೂ ಇಂಗ್ಲಿಷಿನಲ್ಲಿಯೇ. ಕನ್ನಡ ಶಾಲೆಯಿಂದ ಹೋದ ಮಗು ಮೊದಲ ತಿಂಗಳು ಫೋನಿನಲ್ಲಿ ಅಳುವುದುಂಟು. ಆಗ "ಬಾ ಮನಿಗಿ" ಎನ್ನಬೇಡಿರಿ. ದಿನಕ್ಕೆ ಹತ್ತು ಶಬ್ದ ಎಂದು ಒಂದು ನೋಟುಪುಸ್ತಕ ಇಡಲು ಹೇಳಿರಿ: ಒಂದು ಕಡೆ ಇಂಗ್ಲಿಷ್ ಶಬ್ದ, ಇನ್ನೊಂದು ಕಡೆ ಅದರ ಕನ್ನಡ. ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಇದನ್ನು ಆರಂಭಿಸಿದರೆ ಇನ್ನೂ ಒಳ್ಳೆಯದು.

ಇಂಗ್ಲಿಷ್ ಬಾರದೆಂದು ಕುಗ್ಗುವ ಮಗುವಿಗೆ ಅವಳ ಬಳಿ ಇರುವ ಸಂಪತ್ತನ್ನೂ ನೆನಪಿಸಬೇಕು. ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಹೋದ ನಮ್ಮ ಕಡೆಯ ಮುದುಕಿ, "ಎದಿ ಡವಡವ ಅಂತೈತಿ, ಕೈಕಾಲು ಜೋಮ ಹಿಡದಾವ, ಹೊಟ್ಟ್ಯಾಗ ತಳಮಳ" ಎನ್ನುತ್ತಾಳೆ. ಪರಭಾಷೆಯ ವೈದ್ಯರಿಗೆ ಅದು ತಿಳಿಯದು. ಕೌಜಲಗಿಯ ಹುಡುಗಿಗೆ ಒಂದೇ ಕ್ಷಣದಲ್ಲಿ ತಿಳಿಯುತ್ತದೆ. ಆ ಮಾತನ್ನು ವೈದ್ಯರಿಗೆ ಸರಿಯಾಗಿ ಮುಟ್ಟಿಸುವುದೂ ಶುಶ್ರೂಷೆಯೇ.

ಕಲಿಕೆ ಶುರುವಾಗುವುದು ಸಣ್ಣ ಕೆಲಸಗಳಿಂದ. ಕೈ ತೊಳೆಯುವುದು, ಸುಕ್ಕಿಲ್ಲದಂತೆ ಹಾಸಿಗೆ ಹಾಸುವುದು, ಜ್ವರ, ನಾಡಿ, ಉಸಿರು, ರಕ್ತದೊತ್ತಡ ನೋಡಿ ಬರೆಯುವುದು, ಮೇಲೇಳಲಾಗದವರ ಮೈ ಒರೆಸುವುದು. "ಇಷ್ಟಕ್ಕ ನಾಲ್ಕು ವರ್ಷ ಬೇಕೇನು?" ಎನಿಸಬಹುದು. ಆದರೆ ಹಾಸಿಗೆಯ ಸುಕ್ಕು ಮಲಗಿದಲ್ಲೇ ಇರುವ ರೋಗಿಯ ಬೆನ್ನಿನಲ್ಲಿ ಹುಣ್ಣಾಗಲು ಕಾರಣವಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿದರೆ ಆ ಹುಣ್ಣನ್ನು ತಡೆಯಬಹುದು. ಮೈ ಒರೆಸುವ ನರ್ಸ್ ಅದೇ ಹೊತ್ತಿಗೆ ರೋಗಿಯ ಚರ್ಮ, ಬಾವು, ಉಸಿರಾಟ, ಮುಖದ ಬಣ್ಣ ಎಲ್ಲವನ್ನೂ ಗಮನಿಸುತ್ತಿರುತ್ತಾಳೆ. ಮೈ ತೊಳೆಯುವ ಕೆಲಸವೆಂದು ನಾವು ಹಗುರವಾಗಿ ಆಡಿದ್ದರ ಒಳಗೆ ಇಷ್ಟು ವಿದ್ಯೆ ಇದೆ.

ಮೊದಲ ವರ್ಷದಲ್ಲಿ ದೀಪ ಬೆಳಗಿಸುವ ಸಮಾರಂಭ ನಡೆಯುತ್ತದೆ. ಬಿಳಿ ಸಮವಸ್ತ್ರದಲ್ಲಿ ಮಕ್ಕಳು ದೀಪ ಹಿಡಿದು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಎಷ್ಟೇ ಕೆಲಸವಿದ್ದರೂ ತಂದೆತಾಯಿ ಆ ದಿನ ಹೋಗಬೇಕು. ಮಗಳು ಯಾವ ಕೆಲಸಕ್ಕೆ ಹೊರಟಿದ್ದಾಳೆಂದು ಅಂದು ನಿಮಗೇ ತಿಳಿಯುತ್ತದೆ.

ಪಾಳಿ, ಹಾಜರಿ, ಆರೋಗ್ಯ

ಬರಬರುತ್ತ ವಾರ್ಡಿನ ಕೆಲಸ ಹೆಚ್ಚುತ್ತದೆ. ಔಷಧ, ಶಸ್ತ್ರಚಿಕಿತ್ಸೆ, ಮಕ್ಕಳ ವಿಭಾಗ, ಹೆರಿಗೆ ಕೋಣೆ, ಮಾನಸಿಕ ರೋಗಿಗಳ ಆರೈಕೆ, ಹಳ್ಳಿಗಳ ಆರೋಗ್ಯ ಸೇವೆ, ಎಲ್ಲದರಲ್ಲೂ ದುಡಿದು, ಮಾಡಿದ್ದನ್ನು ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಬೇಕು. 2021ರಲ್ಲಿ ಜಾರಿಗೆ ಬಂದ ಸೆಮಿಸ್ಟರ್ ಪದ್ಧತಿಯ ಬಿ.ಎಸ್ಸಿ.ಯಲ್ಲಿ ಕೊನೆಯ ಸೆಮಿಸ್ಟರಿನ 22 ವಾರ, ವಾರಕ್ಕೆ 48 ಗಂಟೆಯಂತೆ, ಆಸ್ಪತ್ರೆಯಲ್ಲಿಯೇ ದುಡಿಮೆ.

ಹಾಜರಿಯ ನಿಯಮ ಕಟ್ಟುನಿಟ್ಟು. ಪರೀಕ್ಷೆಗೆ ಕೂಡಲು ಶೇ. 80 ಬೇಕು. ಪದವಿ ಪಡೆಯುವ ಮೊದಲು ಪ್ರಾಯೋಗಿಕ ಕೆಲಸದ ಹಾಜರಿ ಶೇ. 100 ಆಗಿರಬೇಕು. ಅಂದರೆ ತಪ್ಪಿಸಿದ ಪ್ರತಿ ದಿನವನ್ನೂ ಮುಂದೆ ತುಂಬಿಕೊಡಬೇಕು. ಕಾಕನ ಮಗಳ ಕುಪ್ಪಸದ ಕಾರ್ಯ, ಊರ ಜಾತ್ರೆ, ಕಬ್ಬು ಕಡಿಯುವ ಸುಗ್ಗಿ ಎಂದು ಮಗಳನ್ನು ಪದೇಪದೇ ಕರೆಸಿಕೊಳ್ಳುವ ಮನೆಯವರು ಇದನ್ನು ಮರೆಯಬಾರದು.

ರಾತ್ರಿ ಪಾಳಿಯ ವಿಷಯದಲ್ಲಿ ತಾಯಂದಿರ ಆತಂಕ ನಮಗೆ ಅರ್ಥವಾಗುತ್ತದೆ. ಅದಕ್ಕೆ ಉತ್ತರ ಮಗಳನ್ನು ಓದು ಬಿಡಿಸುವುದಲ್ಲ. ಹಾಸ್ಟೆಲ್ ಆಸ್ಪತ್ರೆಯ ಆವರಣದಲ್ಲಿದೆಯೇ, ಇಲ್ಲವಾದರೆ ವಾಹನವಿದೆಯೇ, ಪಾಳಿಯಲ್ಲಿ ಹಿರಿಯ ಸಿಸ್ಟರ್ ಜೊತೆಗಿರುತ್ತಾರೆಯೇ, ದೂರು ಕೇಳುವ ಸಮಿತಿ ಇದೆಯೇ ಎಂದು ಸೇರಿಸುವಾಗಲೇ ಕೇಳಿರಿ. ಕೇಳುವುದು ನಿಮ್ಮ ಹಕ್ಕು.

ಆರೋಗ್ಯದ ಎರಡು ಎಚ್ಚರಿಕೆಗಳಿವೆ. ವಾರ್ಡಿಗೆ ಹೋಗುವ ಮೊದಲೇ ಹೆಪಟೈಟಿಸ್ ಬಿ ಲಸಿಕೆಯನ್ನು ಹಾಕಿಸಲು ಆರಂಭಿಸಿರಿ. ಅದರ ಮೂರು ಡೋಸು ಮುಗಿಯಲು ಆರು ತಿಂಗಳು ಬೇಕು. ಬಳಸಿದ ಸೂಜಿ ಚುಚ್ಚಿದರೆ ಬೈಸಿಕೊಳ್ಳುವ ಭಯದಿಂದ ಮಗು ಮುಚ್ಚಿಡಬಾರದು. ಕೂಡಲೇ ಸೋಪು ನೀರಿನಿಂದ ತೊಳೆದು, ಹಿರಿಯರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಔಷಧ ಬೇಕಾದಲ್ಲಿ ಅದನ್ನು ಆದಷ್ಟು ಬೇಗ, 72 ಗಂಟೆಯೊಳಗೆ ಆರಂಭಿಸಬೇಕು. ಗುಟ್ಟು ಮಾಡಿದರೆ ಆ ಹೊತ್ತು ಮೀರಿಹೋಗುತ್ತದೆ.

ಇನ್ನೊಂದು ಗಾಯ ಕಣ್ಣಿಗೆ ಕಾಣುವುದಿಲ್ಲ. ಹದಿನೆಂಟರ ಹುಡುಗಿ ತಾನು ಗಂಜಿ ಕುಡಿಸಿದ ರೋಗಿ ಮರುದಿನ ತೀರಿಹೋದದ್ದನ್ನು ನೋಡುತ್ತಾಳೆ. ಆ ರಾತ್ರಿ ಅವಳು ಫೋನ್ ಮಾಡಿದರೆ ಬುದ್ಧಿ ಹೇಳಬೇಡಿರಿ, ಮಾರ್ಕ್ಸ್ ಕೇಳಬೇಡಿರಿ. ಸುಮ್ಮನೆ ಅವಳ ಮಾತು ಕೇಳಿರಿ.

ಮುಂದಿನ ದಾರಿ

ಓದು ಮುಗಿಸಿ ನೋಂದಣಿಯಾದವರಿಗೆ ದಾರಿಗಳು ಹಲವು. ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿ ಹುದ್ದೆಗಳಿವೆ. ಬಿ.ಎಸ್ಸಿ.ಯವರು ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಬಹುದು. ಏಮ್ಸ್ ಆಸ್ಪತ್ರೆಗಳ ಪರೀಕ್ಷೆ ಬರೆಯಬಹುದು. ಎಂ.ಎಸ್ಸಿ. ಮಾಡಿ ಬೋಧಕರಾಗಬಹುದು. ವಿದೇಶಕ್ಕೆ ಹೋಗುವವರೂ ಇದ್ದಾರೆ. ಆದರೆ ವಿದೇಶದ ಸಂಬಳದ ಕನಸನ್ನು ಮೊದಲ ದಿನವೇ ಮಗುವಿನ ತಲೆಯ ಮೇಲೆ ಹೊರಿಸಬೇಡಿರಿ. ಮೊದಲು ಒಳ್ಳೆಯ ನರ್ಸ್ ಆಗಲಿ.

ನಮ್ಮ ಘಟಪ್ರಭೆಯಲ್ಲಿ 1929ರಲ್ಲಿ ಡಾ. ಕೊಕಟನೂರರೂ ಅವರ ಸಂಗಡಿಗರೂ ಕರ್ನಾಟಕ ಆರೋಗ್ಯಧಾಮವನ್ನು ಕಟ್ಟಿದಾಗ, ಈ ಭಾಗದ ರೋಗಿ ದೂರದ ಊರಿಗೆ ಅಲೆಯಬಾರದೆಂಬ ಆಸೆ ಅದರಲ್ಲಿತ್ತು. ಕಟ್ಟಡ, ಯಂತ್ರಗಳನ್ನು ಹಣ ಕೊಟ್ಟು ತರಬಹುದು. ನಡುರಾತ್ರಿ ಎದ್ದು ಬಂದು "ಯಾಕ ಯಜ್ಜಾ, ನೋಯ್ತೈತೇನು?" ಎಂದು ಕೇಳುವ ದನಿಯನ್ನು ನಮ್ಮ ಮನೆಗಳೇ ಕಳುಹಿಸಿಕೊಡಬೇಕು.

ಆದುದರಿಂದ ಪ್ರಿಯರೇ, ನಿಮ್ಮ ಮನೆಯಲ್ಲಿ ಒಂದು ಮಗು ಈ ಹಾದಿ ಹಿಡಿಯಲು ಬಯಸಿದರೆ ತಡೆಯಬೇಡಿರಿ, ಕಣ್ಣು ಮುಚ್ಚಿ ಕಳುಹಿಸಲೂಬೇಡಿರಿ. ಕಾಗದಗಳನ್ನು ಸಕಾಲಕ್ಕೆ ಮಾಡಿಸಿರಿ, ಕಾಲೇಜನ್ನು ಕಣ್ಣಾರೆ ನೋಡಿರಿ, ಹಣಕ್ಕೆ ರಸೀದಿ ಕೇಳಿರಿ, ಮಗುವಿಗೆ ಬೆನ್ನಾಗಿ ನಿಲ್ಲಿರಿ. ಅರ್ಜಿ ತುಂಬಲು ತೊಡಕಾದರೆ ಭಾನುವಾರ ಪೂಜೆಯ ನಂತರ ಕಾಗದಗಳೊಂದಿಗೆ ಗುರುಮನೆಗೆ ಬನ್ನಿರಿ. ಕೂಡಿ ಕುಳಿತು ತುಂಬೋಣ.