ಒಂದು ತ್ರಿಕೋನ, ಎರಡೂವರೆ ಲಕ್ಷ ಫ್ರೇಮು

ಹೆಸರಿನ ಚೀಟಿ ಕಳಚಿಹೋದ ಫಿಲ್ಮ್ ಡಬ್ಬಿ. ಒಳಗಿನ ಸುರುಳಿಯಲ್ಲಿ ಟೈಟಲ್ ಭಾಗವೂ ಇಲ್ಲ. ಅಂಥ ಅನಾಥ ರೀಲನ್ನು ಬೆಳಕಿಗೆ ಹಿಡಿದು, ತೂತುಗಳ ಪಕ್ಕದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೊಡಕ್ ಎಂಬ ಹೆಸರಿನ ಹತ್ತಿರ ಸಾಸಿವೆಯಷ್ಟು ಪುಟ್ಟ ಗುರುತು ಕಾಣುತ್ತದೆ. ವೃತ್ತವಾದರೆ ಆ ಫಿಲ್ಮ್ ತಯಾರಾದದ್ದು 1916ರಲ್ಲಿ, ಚೌಕವಾದರೆ 1917, ತ್ರಿಕೋನವಾದರೆ 1918. ಆದರೆ ಇಪ್ಪತ್ತು ವರ್ಷಕ್ಕೊಮ್ಮೆ ಅದೇ ಗುರುತು ಮರಳಿ ಬರುತ್ತದೆ. ತ್ರಿಕೋನ 1938ಕ್ಕೂ ಸಲ್ಲುತ್ತದೆ, 1958ಕ್ಕೂ. ಯಾವುದು ಸರಿ ಎನ್ನುವುದಕ್ಕೆ ನಟಿಯ ತುರುಬು, ಬೀದಿಯಲ್ಲಿ ಹಾದುಹೋಗುವ ಕಾರು ಸಾಕ್ಷಿ ಹೇಳಬೇಕು. ನೆಗೆಟಿವ್‌ನ ಗುರುತು ಪ್ರಿಂಟಿಗೂ ಇಳಿದು, ಒಂದೇ ಅಂಚಿನಲ್ಲಿ ಎರಡು ವರ್ಷಗಳು ಕೂತಿರುವುದೂ ಉಂಟು!

ಇಷ್ಟು ಸಣ್ಣ ಸುಳಿವಿಗೆ ಜೋತುಬೀಳುವುದೇಕೆ? ಅಮೆರಿಕದಲ್ಲಿ ತಯಾರಾದ 10,919 ಪೂರ್ಣಪ್ರಮಾಣದ ಮೂಕಿ ಚಿತ್ರಗಳಲ್ಲಿ ಮೂಲರೂಪದಲ್ಲೇ ಉಳಿದವು ಶೇ. 14 ಮಾತ್ರ. ಭಾರತದ ಲೆಕ್ಕ ಇನ್ನೂ ಎದೆ ಒಡೆಸುವಂಥದ್ದು: ಸುಮಾರು 1,300 ಮೂಕಿಗಳಲ್ಲಿ ಉಳಿದವು 30 ಕೂಡ ಇಲ್ಲ, ಅವುಗಳಲ್ಲೂ ಹಲವು ಬರೀ ತುಂಡುಗಳು. ಹಳೆಯ ಫಿಲ್ಮ್‌ಗಳನ್ನು ಬೆಳ್ಳಿಯ ಆಸೆಗೆ ಕರಗಿಸಿದವರಿದ್ದರು.

1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ 'ಸತಿ ಸುಲೋಚನಾ' ಕನ್ನಡದ ಮೊದಲ ಟಾಕಿ. ಹತ್ತಿರಹತ್ತಿರ ಮೂರು ಗಂಟೆಯ ಚಿತ್ರ. ಸೆಕೆಂಡಿಗೆ 24 ಫ್ರೇಮಿನಂತೆ ಲೆಕ್ಕ ಹಾಕಿದರೆ ಎರಡೂವರೆ ಲಕ್ಷ ಫ್ರೇಮುಗಳಾಗುತ್ತವೆ. ಇವತ್ತು ಅದನ್ನು 4ಕೆ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿದ್ದರೆ ಪ್ರತಿ ಫ್ರೇಮೂ ಸುಮಾರು 50 ಎಂಬಿಯ ಒಂದೊಂದು ಫೈಲ್. 0000001ರಿಂದ ಸಾಲಾಗಿ ಎರಡೂವರೆ ಲಕ್ಷ ಹೆಸರುಗಳು, ಒಟ್ಟು 12 ಟಿಬಿಗೂ ಹೆಚ್ಚು. ನಮ್ಮ ಕೈಯಲ್ಲಿ ಅದರ ಒಂದು ಪ್ರಿಂಟೂ ಇಲ್ಲ.

ಹಾಗೆಂದು ನಾನು ಆಸೆ ಬಿಟ್ಟಿಲ್ಲ. ಕೆನಡಾದ ಡಾಸನ್ ಸಿಟಿಯಲ್ಲಿ 1978ರಲ್ಲಿ ನೆಲ ಅಗೆಯುವಾಗ, ಐವತ್ತು ವರ್ಷದ ಹಿಂದೆ ಮಣ್ಣಿಗೆ ಹಾಕಿದ್ದ 533 ರೀಲುಗಳು ಮೇಲೆದ್ದು ಬಂದವು. ಹಿಮಗಟ್ಟಿದ ನೆಲವೇ ಅವನ್ನು ಕಾದಿತ್ತು. ನಮ್ಮದು ಸೆಕೆಯ ನಾಡು, ಒಪ್ಪುತ್ತೇನೆ. ಆದರೂ ಒಂದಡಿ ಉದ್ದದ ತುಂಡು ಸಿಕ್ಕರೆ ಸಾಕು. ಹದಿನಾರು ಫ್ರೇಮು, ಮುಕ್ಕಾಲು ಸೆಕೆಂಡೂ ಇಲ್ಲದ ಚಲನೆ, ಜೊತೆಗೆ ಅಂಚಿನ ಗುರುತು.

ಅಟ್ಟದ ಮೇಲೆ ತುಕ್ಕು ಹಿಡಿದ ಚಪ್ಪಟೆ ಡಬ್ಬಿ ಕಂಡರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಬೆಂಕಿಯ ಹತ್ತಿರವೂ ಒಯ್ಯಬೇಡಿ; ಆ ಕಾಲದ ನೈಟ್ರೇಟ್ ಫಿಲ್ಮ್ ಒಮ್ಮೆ ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಉರಿಯುತ್ತದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಒಂದು ಮಾತು ತಿಳಿಸಿ.