ಮಸ್ಕತ್ತಿನ ದುಡ್ಡು ಕರಗಿತು, ನೀರಿನ ಪಾಠ ಉಳಿಯಿತು

1993ರಲ್ಲಿ ನನಗೆ ಇಪ್ಪತ್ಮೂರು ವರ್ಷ. ಚಳ್ಳಕೆರೆ ಸೀಮೆಯ ನಮ್ಮ ಆರು ಎಕರೆ ಖುಷ್ಕಿಯಲ್ಲಿ ಎರಡು ವರ್ಷ ಸತತ ಶೇಂಗಾ ಒಣಗಿತ್ತು. ಅಪ್ಪ ಎರಡು ಎಕರೆ ಅಡವಿಟ್ಟು ಏಜೆಂಟನಿಗೆ 30 ಸಾವಿರ ಕೊಟ್ಟರು. ಡ್ರೈವರ್ ಕೆಲಸ ಅಂದಿದ್ದ. ಬೊಂಬಾಯಿಯಿಂದ ಹೋಗಿ ಮಸ್ಕತ್ತಿನಲ್ಲಿ ಇಳಿದ ಮೇಲೆ ಗೊತ್ತಾಯಿತು, ಕೆಲಸ ಒಮಾನಿನ ನಿಜ್ವಾ ಹತ್ತಿರ ಖರ್ಜೂರದ ತೋಟದಲ್ಲಿ. ಸಂಬಳ 45 ರಿಯಾಲ್, ಆಗಿನ ಲೆಕ್ಕಕ್ಕೆ ಮೂರೂವರೆ ಸಾವಿರ ರೂಪಾಯಿ ಚಿಲ್ಲರೆ. ಪಾಸ್‌ಪೋರ್ಟ್ ಮಾಲೀಕನ ಪೆಟ್ಟಿಗೆಯಲ್ಲಿ. ಮರುವರ್ಷ ಅಪ್ಪ ತೀರಿಕೊಂಡ ಸುದ್ದಿ ಕಾಗದದಲ್ಲಿ ಬಂತು. ಅಷ್ಟರಲ್ಲಿ ತಿಥಿಯೂ ಮುಗಿದಿತ್ತು.

ಪಂಪಿಲ್ಲದ ನೀರು

ನಮಗಿಂತ ಕಮ್ಮಿ ಮಳೆಯ ದೇಶ ಅದು. ಆದರೂ ತೋಟ ಹಸಿರು! ಬೆಟ್ಟದ ಬುಡದ ತಾಯಿಬಾವಿಯಿಂದ ನೆಲದೊಳಗೆ ಸುರಂಗ ಕೊರೆದು, ಬರೀ ಇಳಿಜಾರಿನ ಮೇಲೆ ನೀರು ತರುತ್ತಾರೆ. ಇದಕ್ಕೆ ಫಲಜ್ ಅನ್ನುತ್ತಾರೆ. ಮೊದಲು ಕುಡಿಯಲು, ಆಮೇಲೆ ಸ್ನಾನಕ್ಕೆ, ಕಡೆಗೆ ತೋಟಕ್ಕೆ. ಇಂಥ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ನಿಜ್ವಾದ ಫಲಜ್ ದಾರಿಸ್ ಅದರಲ್ಲೊಂದು.

ಹಂಚಿಕೆ ಹೊತ್ತಿನ ಲೆಕ್ಕದಲ್ಲಿ. ಸುಮಾರು ಅರ್ಧ ಗಂಟೆಗೆ ಒಂದು 'ಅಥರ್'. ಹಿಂದೆ ಹಗಲು ಕಂಬದ ನೆರಳು, ರಾತ್ರಿ ನಕ್ಷತ್ರ ನೋಡಿ ಅಳೆಯುತ್ತಿದ್ದರು. ನಾನಿದ್ದಾಗ ಕೈಗಡಿಯಾರ ಬಂದಿತ್ತು. ನಮ್ಮ ಕೆರೆಯ ನೀರುಗಂಟಿಯ ಹಾಗೆ ಅಲ್ಲೂ ಸರದಿ ನೋಡುವವನೊಬ್ಬ ಇರುತ್ತಾನೆ. ನೀರು ಕಮ್ಮಿಯಾದರೆ ಯಾರ ಹೊತ್ತೂ ಬದಲಾಗಲ್ಲ, ಎಲ್ಲರಿಗೂ ಅಷ್ಟಷ್ಟೇ ಕಮ್ಮಿ. ಬರಗಾಲದಲ್ಲಿ ತರಕಾರಿ, ಮೇವಿನ ಮಡಿ ಬೀಳುಬಿಟ್ಟು ಮರ ಉಳಿಸಿಕೊಳ್ಳುತ್ತಾರೆ.

ಊರಿಗೆ ಬಂದು ಮಾಡಿದ ತಪ್ಪು

1999ರಲ್ಲಿ ವಾಪಸ್ ಬಂದೆ. ಅಡವು ಬಿಡಿಸಿ ಉಳಿದ ದುಡ್ಡಲ್ಲಿ ಬೋರ್ ಕೊರೆಸಿದೆ. ಕಣ್ಣಾರೆ ನೋಡಿ ಬಂದವನೇ ಪಾಠ ಮರೆತಿದ್ದೆ ನೋಡಿ! ಎರಡು ಬೋರ್ ಫೇಲಾದವು. ಮೂರನೆಯದರಲ್ಲಿ ಒಂದಿಂಚು ನೀರು. ಪಕ್ಕದ ಹೊಲದವನು ನನಗಿಂತ ಆಳ ಕೊರೆಸಿದ, ನನ್ನದು ಬತ್ತಿತು. ಅವನದೂ ಎರಡು ಬೇಸಿಗೆ ದಾಟಲಿಲ್ಲ.

ಕಡೆಗೆ ಇಬ್ಬರೂ ಬದುವಿನ ಮೇಲೆ ಕೂತು ಮಾತಾಡಿದೆವು. ಇನ್ನಿಬ್ಬರನ್ನು ಸೇರಿಸಿಕೊಂಡು ಇಳಿಜಾರಿನ ಕೊನೆಯಲ್ಲಿ ಕೃಷಿಹೊಂಡ ತೋಡಿದೆವು. ಹೊಂಡದ ನೀರಿಗೆ ಗಡಿಯಾರ ನೋಡಿ ಸರದಿ. ಹೊಂಡ ಅರ್ಧಕ್ಕಿಳಿದರೆ ಬೆಳೆಗೆ ನೀರು ನಿಲ್ಲಿಸಿ ಮಾವು, ಹುಣಸೆ ಗಿಡಕ್ಕೆ ಮಾತ್ರ ಕೊಡಬೇಕು. ಜಗಳ ಆಗಿಲ್ಲ ಅಂತ ಹೇಳಲಾರೆ. ಒಬ್ಬ ಬಿಟ್ಟೂ ಹೋದ. ಆದರೆ ಗಿಡ ಉಳಿದಿವೆ, ಆಮೇಲೆ ಹೊಸ ಬೋರಿಗೆ ನಾವು ಸಾಲ ಮಾಡಿಲ್ಲ.

ಈಗ ಮಗ ಗಲ್ಫಿಗೆ ಹೋಗ್ತೀನಿ ಅಂತಾನೆ. ಬೇಡ ಅನ್ನಲ್ಲ. ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟ್ ಹೌದೋ ಅಲ್ಲವೋ ನೋಡು, ಕೆಲಸ-ಸಂಬಳದ ಕಾಗದ ಓದಿಸಿಕೊಂಡು ಸಹಿ ಹಾಕು, ಹೊಲ ಮಾತ್ರ ಅಡವಿಡಬೇಡ ಅಂದಿದ್ದೀನಿ. ಅವನು ಬರುವವರೆಗೆ ಅವನ ಸರದಿಯ ನೀರು ನಾನು ಕಟ್ಟುತ್ತೇನೆ.