'ನಾಳೆ ಬನ್ನಿ' ಅಂದರೆ ತಾಳಗುಪ್ಪಕ್ಕೆ ಎಷ್ಟು ದೂರ?

ಕ್ಯಾನ್ಸರ್ ಮತ್ತೆ ಬಂದಿರಬಹುದು ಅನ್ನುವ ಅನುಮಾನ ಹುಟ್ಟಿದ ದಿನಕ್ಕೂ, ಹೌದು ಅಥವಾ ಇಲ್ಲ ಅನ್ನುವ ಉತ್ತರ ಸಿಗುವ ದಿನಕ್ಕೂ ನಡುವೆ ಕೆಲವು ವಾರಗಳೇ ಕಳೆದುಹೋಗುತ್ತವೆ. ಅದರಲ್ಲಿ ಒಂದಿಷ್ಟು ದಿನ ವೈದ್ಯಕೀಯ ಕಾರಣಕ್ಕೆ ಬೇಕೇ ಬೇಕು. ಇನ್ನೊಂದಿಷ್ಟು ದಿನ, ಹೇಳಬೇಕಾದ್ದನ್ನು ಯಾರೂ ಮೊದಲೇ ಹೇಳದ ಕಾರಣಕ್ಕೆ ಹಾಳಾಗುತ್ತವೆ. ರೋಗಿಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಲ್ಲವೂ ಒಂದೇ ಮಾತಿನಲ್ಲಿ ಮುಗಿಯುತ್ತದೆ: 'ನಾಳೆ ಬನ್ನಿ'.

ಆ ನಾಳೆಯ ಬೆಲೆ ಊರಿಂದ ಊರಿಗೆ ಬೇರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಕ್ಯಾನ್ಸರ್ ಅಂದ ಕೂಡಲೇ ನೋಡುವುದು ಶಿವಮೊಗ್ಗ, ಮಣಿಪಾಲ ಅಥವಾ ಬೆಂಗಳೂರಿನ ಕಡೆಗೆ. ತಾಳಗುಪ್ಪದಲ್ಲಿ ರೈಲು ಹಳಿಯೇ ಮುಗಿಯುತ್ತದೆ. ಅಲ್ಲಿಂದ ಶಿವಮೊಗ್ಗ ಸುಮಾರು 90 ಕಿ.ಮೀ., ರೈಲಿನಲ್ಲಿ ಬೆಂಗಳೂರು ಸುಮಾರು 370 ಕಿ.ಮೀ. ರಾತ್ರಿ ಹತ್ತಿ, ಬೆಳಕು ಹರಿಯುವ ಮುನ್ನ ಇಳಿದು, ಆಸ್ಪತ್ರೆಯ ಬಾಗಿಲು ತೆಗೆಯುವವರೆಗೆ ಕಾಯಬೇಕು.

ನಮ್ಮ ಅಮ್ಮನಿಗೆ ಬಾಯಿ ಕ್ಯಾನ್ಸರ್ ಆಗಿ, ಆಪರೇಷನ್ ಮತ್ತು ರೇಡಿಯೇಷನ್ ಮುಗಿದು ಒಂದೂವರೆ ವರ್ಷವಾಗಿತ್ತು. ಕುತ್ತಿಗೆಯಲ್ಲಿ ಗಟ್ಟಿ ಗಂಟೊಂದು ಕೈಗೆ ಸಿಕ್ಕಿತು. ಬೆಂಗಳೂರಿಗೆ ಹೋದೆವು. ಡಾಕ್ಟರ್ ನೋಡಿದ್ದು ಐದು ನಿಮಿಷ, 'ಸ್ಕ್ಯಾನ್ ಮಾಡಿಸಿ' ಅಂದರು. ಸ್ಕ್ಯಾನ್ ಕೌಂಟರ್‌ನಲ್ಲಿ 'ಕ್ರಿಯಾಟಿನಿನ್ ರಿಪೋರ್ಟ್ ಎಲ್ಲಮ್ಮ?' ಅಂತ ಕೇಳಿದರು. ಲ್ಯಾಬಿಗೆ ಓಡಿದರೆ ರಕ್ತ ತೆಗೆಯುವ ಹೊತ್ತು ಮುಗಿದಿತ್ತು. ಮರುದಿನ ರಿಪೋರ್ಟ್ ಹಿಡಿದು ನಿಂತರೆ, ರೆಫರಲ್ ಚೀಟಿ ಹಳೆಯದು, ಹೊಸದು ತನ್ನಿ ಅಂದರು. ಚೀಟಿ ಕೊಡಬೇಕಾದ ಸರ್ಕಾರಿ ಆಸ್ಪತ್ರೆ ಇರುವುದು ನಮ್ಮ ಕಡೆ! ಅಮ್ಮ ಸಿಟ್ಟು ಮಾಡಿಕೊಳ್ಳಲಿಲ್ಲ. 'ನಾಳೆ ಅಂದ್ರೆ ಇವ್ರಿಗೆ ಒಂದಿನ, ನಮಗೆ ಮೂರು ದಿನ' ಅಂದಳು ಅಷ್ಟೆ.

ಬೇಕೇ ಬೇಕಾದ ಕಾಯುವಿಕೆ

ಬಾಯಿ, ಗಂಟಲಿನ ಕ್ಯಾನ್ಸರ್ ಮರುಕಳಿಸಿದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೇ ಮರುಕಳಿಸುತ್ತದೆ. ಅದಕ್ಕೇ ಮೊದಲ ವರ್ಷ 1ರಿಂದ 3 ತಿಂಗಳಿಗೊಮ್ಮೆ, ಎರಡನೇ ವರ್ಷ 2ರಿಂದ 6 ತಿಂಗಳಿಗೊಮ್ಮೆ ತಪಾಸಣೆಗೆ ಕರೆಯುತ್ತಾರೆ. ಆದರೆ ಹೊಸ ಗಂಟೆಲ್ಲ ಕ್ಯಾನ್ಸರ್ ಅಲ್ಲ. ಹಲ್ಲಿನ ಸೋಂಕಿನಿಂದಲೂ ಗಂಟು ಊದಬಹುದು, ಟಿಬಿಯಿಂದಲೂ ಊದಬಹುದು. ರೇಡಿಯೇಷನ್ ಆದ ಜಾಗದ ಚರ್ಮ, ಸ್ನಾಯು ತಾನಾಗಿಯೇ ಗಟ್ಟಿಯಾಗುವುದೂ ಉಂಟು. ಕೈಯಲ್ಲಿ ಮುಟ್ಟಿ ಇದು ಹೌದು, ಇದು ಅಲ್ಲ ಅಂತ ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು.

ಹಾಗಾಗಿ ಪರೀಕ್ಷೆ ಬೇಕು. ಸಿಟಿ ಸ್ಕ್ಯಾನ್‌ಗೆ ಕೊಡುವ ಕಾಂಟ್ರಾಸ್ಟ್ ಔಷಧಿ ಕಿಡ್ನಿ ಮೂಲಕ ಹೊರಗೆ ಹೋಗಬೇಕು. ಕಿಡ್ನಿ ಸರಿ ಇದೆಯಾ ಅಂತ ನೋಡಲು ಮೊದಲು ಕ್ರಿಯಾಟಿನಿನ್ ಪರೀಕ್ಷೆ.

ಪೆಟ್-ಸಿಟಿ ಸ್ಕ್ಯಾನ್‌ನ ಕತೆ ಇನ್ನೂ ಬಿಗಿ. ಅದರಲ್ಲಿ ಬಳಸುವ ವಿಕಿರಣಯುಕ್ತ ಸಕ್ಕರೆಯ ಶಕ್ತಿ ಪ್ರತಿ 110 ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ. ತಯಾರಾದ ದಿನವೇ ಬಳಸಬೇಕು, ನಾಳೆಗೆ ಇಡುವಂತಿಲ್ಲ. ಸಮಯ ತಪ್ಪಿದರೆ ಅವತ್ತಿನ ಸ್ಲಾಟ್ ಹೋಯಿತು. ಕನಿಷ್ಠ 4ರಿಂದ 6 ಗಂಟೆ ಹೊಟ್ಟೆ ಖಾಲಿ ಇರಬೇಕು. ರಕ್ತದ ಸಕ್ಕರೆ 200ರ ಮೇಲಿದ್ದರೆ ಸ್ಕ್ಯಾನ್ ಮುಂದೂಡುವುದೇ ಹೆಚ್ಚು. ರಾತ್ರಿ ರೈಲಲ್ಲಿ ನಿದ್ದೆಗೆಟ್ಟು, ಬೆಳಗ್ಗೆ ಸ್ಟೇಷನ್‌ನಲ್ಲಿ ಒಂದು ಲೋಟ ಸಿಹಿ ಕಾಫಿ ಕುಡಿದು ಹೋದವರ ಸ್ಕ್ಯಾನ್ ತಪ್ಪಿಹೋಗಲು ಅಷ್ಟೇ ಸಾಕು.

ಸ್ಕ್ಯಾನ್‌ನಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರ್ ಕೂಡ ಅಲ್ಲ. ಸೋಂಕು, ಉರಿಯೂತವೂ ಹೊಳೆಯುತ್ತವೆ. ರೇಡಿಯೇಷನ್ ಮುಗಿದು ಸುಮಾರು 3 ತಿಂಗಳು ಆಗದೆ ಪೆಟ್-ಸಿಟಿ ಬೇಡ ಅನ್ನುವುದು ಇದೇ ಕಾರಣಕ್ಕೆ. ಕೊನೆಯ ಮಾತು ಹೇಳುವುದು ಸೂಜಿ ಪರೀಕ್ಷೆ ಅಥವಾ ಬಯಾಪ್ಸಿ. ಬಯಾಪ್ಸಿಯ ತುಣುಕು ಫಾರ್ಮಲಿನ್‌ನಲ್ಲಿ ನೆನೆದು, ಮೇಣದ ಅಚ್ಚಾಗಿ, ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿದ ಮೇಲಷ್ಟೇ ಸೂಕ್ಷ್ಮದರ್ಶಕದ ಕೆಳಗೆ ಹೋಗುತ್ತದೆ. ಹೆಚ್ಚಿನ ಪರೀಕ್ಷೆ ಬೇಕಾದರೆ ಮತ್ತೆ ಕೆಲವು ದಿನ. ಇದನ್ನು ಅವಸರ ಮಾಡಿದರೆ ಉತ್ತರವೇ ತಪ್ಪಬಹುದು.

ತಪ್ಪಿಸಬಹುದಾದ ಕಾಯುವಿಕೆ

ಆದರೆ ಕ್ರಿಯಾಟಿನಿನ್, ಸಕ್ಕರೆ ಪರೀಕ್ಷೆಗೆ ಬೆಂಗಳೂರೇ ಬೇಕಾ? ಬೇಡ. ಸಾಗರದಲ್ಲೇ ಆಗುತ್ತದೆ. ಸಮಸ್ಯೆ ಏನೆಂದರೆ, ಅದು ಬೇಕು ಅಂತ ಗೊತ್ತಾಗುವುದೇ ಕೌಂಟರ್ ಮುಂದೆ ನಿಂತಾಗ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯದ್ದೂ ಇದೇ ಪಾಡು. 2018ರಲ್ಲಿ ಎರಡು ಯೋಜನೆಗಳನ್ನು ಸೇರಿಸಿ ಮಾಡಿದ ಇದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಗರಿಷ್ಠ 1.5 ಲಕ್ಷ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಆಮೇಲೆ ಮುಂಗಡ ಅನುಮೋದನೆ ಬೇಕು. ನಿಯಮಕ್ಕೆ ಕಾರಣ ಇರಬಹುದು. ಆದರೆ ಹಳೇ ರೋಗಿ ಮರುಕಳಿಕೆಯ ಅನುಮಾನದಿಂದ ಬರುವಾಗ ಹೊಸ ಚೀಟಿ ಬೇಕು ಅನ್ನುವುದನ್ನು ಹಿಂದಿನ ತಪಾಸಣೆಯ ದಿನವೇ ಹೇಳಬಹುದಲ್ಲ?

ಹೊರಡುವ ಮೊದಲು

ವ್ಯವಸ್ಥೆ ಬದಲಾಗುವವರೆಗೆ ನಮ್ಮ ಕೈಲಿರುವುದು ಇಷ್ಟು. ಆಸ್ಪತ್ರೆಗೆ ಫೋನ್ ಮಾಡಿ, ಸ್ಕ್ಯಾನ್‌ಗೆ ಯಾವ ರಕ್ತಪರೀಕ್ಷೆ ಬೇಕು, ಎಷ್ಟು ದಿನದೊಳಗಿನದ್ದಾಗಿರಬೇಕು ಅಂತ ಕೇಳಿ, ಊರಲ್ಲೇ ಮಾಡಿಸಿಕೊಳ್ಳಿ. ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್ ಸರಿ ಇದೆಯಾ ನೋಡಿ. ಹಳೇ ಡಿಸ್ಚಾರ್ಜ್ ಸಾರಾಂಶ, ಬಯಾಪ್ಸಿ ರಿಪೋರ್ಟ್, ರೇಡಿಯೇಷನ್ ವಿವರ, ಸ್ಕ್ಯಾನ್‌ನ ಸಿಡಿ ಒಂದೇ ಚೀಲದಲ್ಲಿರಲಿ. ಹೊಸ ಸ್ಕ್ಯಾನನ್ನು ಹಳೆಯದರ ಪಕ್ಕ ಇಟ್ಟು ನೋಡಿದಾಗಲೇ ಬದಲಾವಣೆ ಕಾಣುವುದು. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಮೊದಲ ಬಯಾಪ್ಸಿಯ ಸ್ಲೈಡ್, ಮೇಣದ ಅಚ್ಚು ಕೇಳಿ ಪಡೆಯಿರಿ. ಸಕ್ಕರೆ ಕಾಯಿಲೆ ಇದ್ದರೆ ಉಪವಾಸದ ದಿನ ಮಾತ್ರೆ, ಇನ್ಸುಲಿನ್ ಹೇಗೆ ಅಂತ ಕೇಳದೆ ಹೊರಡಬೇಡಿ. ಸ್ಕ್ಯಾನ್ ಖರ್ಚು ಯೋಜನೆಯಲ್ಲಿ ಸೇರುತ್ತದಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳಿ.

ರೈಲ್ವೆ ರಿಯಾಯಿತಿಯೂ ಅನೇಕರಿಗೆ ಗೊತ್ತಿಲ್ಲ. ಚಿಕಿತ್ಸೆಗೆ, ತಪಾಸಣೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ-ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಆಸ್ಪತ್ರೆಯ ಡಾಕ್ಟರ್ ಸಹಿ ಮಾಡಿದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು.

ಡಾಕ್ಟರ್ ಮುಂದೆ ಕೇಳಲೇಬೇಕಾದ ಪ್ರಶ್ನೆ ಮೂರು: ಈ ಪರೀಕ್ಷೆಯಿಂದ ಏನು ಗೊತ್ತಾಗುತ್ತದೆ? ಉತ್ತರ ಯಾವ ದಿನ ಬರುತ್ತದೆ? ಅದನ್ನು ಫೋನಲ್ಲಿ ತಿಳಿಯಬಹುದಾ, ನಾವೇ ಬರಬೇಕಾ?

ಇದೆಲ್ಲ ರೋಗಿಯ ತಲೆ ಮೇಲೇ ಹೊರಿಸಿ ಸುಮ್ಮನಾಗುವ ವಿಷಯ ಅಲ್ಲ. ಓದು ಬಾರದವರು, ಜೊತೆಗೆ ಬರಲು ಮಕ್ಕಳಿಲ್ಲದವರು ಏನು ಮಾಡಬೇಕು? ಎರಡನೇ ಸಲ 'ನಾಳೆ ಬನ್ನಿ' ಅಂದಾಗ ಕೆಲವರು ಬರುವುದನ್ನೇ ಬಿಡುತ್ತಾರೆ. ಮರುಕಳಿಸಿದ ಕ್ಯಾನ್ಸರನ್ನು ಬೇಗ ಹಿಡಿದರೆ ಇನ್ನೊಂದು ಆಪರೇಷನ್‌ಗೆ ಅವಕಾಶ ಇರಬಹುದು. ತಡವಾದರೆ ಆ ಬಾಗಿಲು ಮುಚ್ಚಿಹೋಗಬಹುದು. ಇದಕ್ಕೆ ಹೊಸ ಕಟ್ಟಡ, ಹೊಸ ಮಷೀನ್ ಏನೂ ಬೇಡ. ಪ್ರತಿ ತಪಾಸಣೆಯ ಕೊನೆಗೆ, ಮುಂದಿನ ಸಲ ಏನೇನು ತರಬೇಕು ಅಂತ ಕನ್ನಡದಲ್ಲಿ ಬರೆದ ಒಂದು ಹಾಳೆ ಮತ್ತು ಎತ್ತಿ ಮಾತಾಡುವ ಒಂದು ಫೋನ್ ನಂಬರ್ ಕೊಟ್ಟರೆ ಎಷ್ಟೋ ವ್ಯರ್ಥ ಓಡಾಟ ತಪ್ಪುತ್ತದೆ. ಆಸ್ಪತ್ರೆಗಳು ಇದನ್ನು ಕೊಡಬೇಕು. ಕೊಡದಿದ್ದರೆ ನಾವು ಕೇಳಬೇಕು.